ಒಡೆಯುವುದೆಂದು ತಿಳಿದರೂ ಒಡೆಯದಿದ್ದ ಸಂಖ್ಯೆ

67 ಎರಡುಗಳನ್ನು ಒಂದರೊಡನೊಂದು ಗುಣಿಸಿ 1ನ್ನು ಕಳೆದರೆ 14,75,73,95,25,89,67,64,12,927 ಎಂಬ 21 ಅಂಕಿಗಳ ಸಂಖ್ಯೆ ದೊರೆಯುತ್ತದೆ. ಇದು ಅವಿಭಾಜ್ಯವೆಂದು ಫ್ರಾನ್ಸಿನ ಮರ್ಸೆನ್ 1644ರಲ್ಲಿ ಸಾರಿದ್ದನು. 1876ರಲ್ಲಿ ಲ್ಯೂಕಾ ಎಂಬ ಗಣಿತಜ್ಞನು ಇದು ಸಂಯುಕ್ತ ಸಂಖ್ಯೆಯೆಂದು ಸಾಧಿಸಿ ತೋರಿಸಿದನು. ಆದರೆ ಒಂದು ಅಪವರ್ತನವನ್ನೂ ಹೇಳಲಾರದೆ ಹೋದನು! ಇದು ಹೇಗೆ ಸಾಧ್ಯ? ಅವಿಭಾಜ್ಯ ಸಂಖ್ಯೆಗಳೆಲ್ಲವೂ ತಪ್ಪದೆ ಪಾಲಿಸುವ ನಿಯಮಗಳುಂಟು. ಅಂಥದೊಂದನ್ನು ಮೀರಿದ ಸಂಖ್ಯೆ ಸಂಯುಕ್ತವೇ ಆಗಿರಬೇಕು.

ಅಪವರ್ತನಗಳನ್ನು ಹುಡುಕುವುದಾದರೋ ಬೇರೆಯೇ ಸಾಹಸ. ಈ ಸಂಖ್ಯೆಯ ಯಾವ ಅಪವರ್ತನವನ್ನೇ ಆಗಲಿ 134ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕೆಂಬ ಸುಳಿವೊಂದಿತ್ತು. 1903ರಲ್ಲಿ ಅಮೆರಿಕದ ಕೋಲ್ ಎಂಬ ವಿದ್ವಾಂಸನು 19,37,07,721 ಮತ್ತು 7,61,83,82,57,287 ಎಂಬ ಅಪವರ್ತನಗಳನ್ನು ಹೊರಗೆಡಹಿದನು. ಇವುಗಳ ಗುಣಾಕಾರವನ್ನು ವಾಚಕರು ಕಾಗದದ ಮೇಲೆ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸಬಹುದು. ಗುಣಿಸುವುದು ಸುಲಭ, ಬಿಡಿಸುವುದು ಕಠಿನ: ಇಂದಿನ ಗಣಕಯಂತ್ರಗಳ ರಹಸ್ಯಲಿಪಿಗಳಲ್ಲಿ ಕೆಲವು ಈ ವ್ಯತ್ಯಾಸವನ್ನೇ ನೆಚ್ಚಿಕೊಂಡಿವೆ.