ಮನೆ ಹೊತ್ತ ಗಾಡಿಗೆ ಯಾವ ಗೇರು?

ಒಂದು ಸೈಕಲ್ಲನ್ನು ನಿಲ್ಲಿಸಿ, ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ ಎಷ್ಟು ಹಲ್ಲುಗಳಿವೆ ಎಣಿಸಿ. ಹಿಂದಿನ ಗಾಲಿಯ ಹಲ್ಲುಚಕ್ರವನ್ನೂ ನೋಡಿ. ಮುಂದೆ 44, ಹಿಂದೆ 22 ಹಲ್ಲುಗಳಿದ್ದರೆ ಪೆಡಲು ಒಂದು ಸುತ್ತು ತಿರುಗಿದಾಗ ಗಾಲಿ ಎರಡು ಸುತ್ತು ತಿರುಗುತ್ತದೆ. ವೇಗವೇನೋ ಸಿಕ್ಕಿತು. ಆದರೆ ಏರು ಬಂದಾಗ ಕಾಲು ಸೋಲುತ್ತದೆ. ಏಕೆಂದರೆ ಸುತ್ತು ಹೆಚ್ಚಿದಷ್ಟೂ ಗಾಲಿಗೆ ಸಿಗುವ ಬಲ ಕಡಿಮೆ. ಬಲ ಬೇಕೆಂದರೆ ವೇಗ ಬಿಡಬೇಕು.

ಈ ಲೆಕ್ಕ 5 ಟನ್ ತೂಗುವ ಗಾಡಿಗೆ ಬಂದರೆ ಹೇಗೆ?

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1973ರಿಂದ 1978ರವರೆಗೆ ಜಿಎಂಸಿ ಮೋಟಾರ್‌ಹೋಮ್ ಎಂಬ ಗಾಡಿಯನ್ನು ತಯಾರಿಸಿತು. ಇದು ಚಲಿಸುವ ಮನೆ. ಒಳಗೆ ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಉಂಟು. (ಊರೂರು ಸುತ್ತುವವರಿಗೆ ಹೋಟೆಲಿನ ಗೊಡವೆಯೇ ಇಲ್ಲ!) ಇಂಥ ಅನೇಕ ಗಾಡಿಗಳನ್ನು ಅವುಗಳ ಒಡೆಯರು ಇಂದಿಗೂ ಜೋಪಾನ ಮಾಡಿ ಓಡಿಸುತ್ತಿದ್ದಾರೆ.

ಇದರ ಗೇರುಪೆಟ್ಟಿಗೆಯಲ್ಲಿ ಮುಂದೆ ಸಾಗಲು ಮೂರೇ ಗೇರುಗಳು. ಅದಾದ ಮೇಲೆ, ಗಾಲಿಗೆ ಮುನ್ನ, ಇನ್ನೊಂದು ಜೋಡಿ ಹಲ್ಲುಚಕ್ರಗಳಿವೆ. ಅದರಲ್ಲಿ ಚಿಕ್ಕದು 3.07 ಸುತ್ತು ತಿರುಗಿದರೆ ದೊಡ್ಡದು, ಅದರೊಂದಿಗೆ ಗಾಲಿ, ಒಂದು ಸುತ್ತು ತಿರುಗುತ್ತದೆ. ಗಾಲಿಯ ಒಂದು ಸುತ್ತಿಗೆ ಗಾಡಿ ಸುಮಾರು 2.3 ಮೀಟರ್ ಸಾಗುತ್ತದೆ. ಗಂಟೆಗೆ 90 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1500 ಮೀಟರ್. ಅಂದರೆ ಗಾಲಿಗೆ ಸುಮಾರು 650 ಸುತ್ತು. ಮೂರನೆಯ ಗೇರಿನಲ್ಲಿ ಎಂಜಿನ್ ಮತ್ತು ಆ ಚಿಕ್ಕ ಚಕ್ರ ಸಮಸಮ ತಿರುಗುತ್ತವೆ. ಹಾಗಾದರೆ ಎಂಜಿನ್ ಎಷ್ಟು ಸುತ್ತು ತಿರುಗಬೇಕು? 650ನ್ನು 3.07ರಿಂದ ಗುಣಿಸಿ. ಸುಮಾರು 2000. ಸಮತಟ್ಟು ಹೆದ್ದಾರಿಯಲ್ಲಿ ಇದು ನೆಮ್ಮದಿಯ ಓಟ.

ಈಗ ಅದೇ ಗಾಡಿ ಕೊಲರಾಡೊ ರಾಜ್ಯದ ರಾಕಿ ಪರ್ವತಗಳನ್ನು ಹತ್ತಲಿ. ಅಲ್ಲಿನ ಐಸನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3400 ಮೀಟರ್ ಎತ್ತರದಲ್ಲಿದೆ. ಪಶ್ಚಿಮದಿಂದ ಅಲ್ಲಿಗೆ ಬರುವ ರಸ್ತೆ 100 ಮೀಟರಿಗೆ 7 ಮೀಟರಿನಷ್ಟು ಏರುತ್ತದೆ. 5000 ಕಿಲೋಗ್ರಾಂ ಗಾಡಿಯನ್ನು ಭೂಮಿ ಅಲ್ಲಿ ಸುಮಾರು 350 ಕಿಲೋಗ್ರಾಂ ಭಾರದಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತದೆ! ಸಾಲದ್ದಕ್ಕೆ ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಗಾಳಿ ಕಡಿಮೆಯಾದರೆ ಹಳೆಯ ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ. ಗಾಡಿ ಏದುಸಿರು ಬಿಡುತ್ತದೆ, ಗೇರುಪೆಟ್ಟಿಗೆಯ ಎಣ್ಣೆ ಕಾಯುತ್ತದೆ.

ಎರಡನೆಯ ಗೇರಿಗೆ ಇಳಿಸಬಾರದೇ ಎಂದು ಕೇಳುವಿರಾ? ಇಳಿಸಬಹುದು. ಆದರೆ ಮೂರೇ ಮೆಟ್ಟಿಲಿನ ಏಣಿಯಲ್ಲಿ ಮೆಟ್ಟಿಲುಗಳ ನಡುವಿನ ಅಂತರ ದೊಡ್ಡದು. 90ರ ವೇಗದಲ್ಲಿ ಇಳಿಸಿದರೆ ಎಂಜಿನ್ 3000 ಸುತ್ತಿನ ಹತ್ತಿರಕ್ಕೆ ಜಿಗಿಯುತ್ತದೆ.

ಆದ್ದರಿಂದ ಕೆಲವು ಒಡೆಯರು ಕೊನೆಯ ಜೋಡಿಯನ್ನೇ ಬದಲಿಸುತ್ತಾರೆ. 3.07ರ ಬದಲು 3.70 ಹಾಕಿದರೆ ಮೂರೂ ಗೇರುಗಳಲ್ಲಿ ಗಾಲಿಗೆ ಬರುವ ಬಲ ಐದನೇ ಒಂದು ಪಾಲಿನಷ್ಟು ಹೆಚ್ಚುತ್ತದೆ. ತೆರಬೇಕಾದ ಬೆಲೆ? ಬಯಲಿನಲ್ಲೂ 90ರ ವೇಗಕ್ಕೆ ಎಂಜಿನ್ 2400 ಸುತ್ತು ತಿರುಗಬೇಕು. ಗದ್ದಲ ಹೆಚ್ಚು, ಪೆಟ್ರೋಲ್ ಖರ್ಚೂ ಹೆಚ್ಚು. 3.42, 3.55 ಎಂಬ ನಡುವಿನ ಜೋಡಿಗಳೂ ಇವೆ. ವರ್ಷಕ್ಕೊಮ್ಮೆ ಮಾತ್ರ ಬೆಟ್ಟ ಹತ್ತುವವರಿಗೆ ಇವೇ ಮೇಲು ಎಂದು ನನಗೆ ತೋರುತ್ತದೆ.

ಹತ್ತಿದ್ದಾಯಿತು, ಇಳಿಯುವುದು? ಇಳಿಜಾರಿನಲ್ಲಿ ಗಾಲಿಯೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಗೇರು ಕೆಳಗಿನದಾದಷ್ಟೂ ಅದು ಕಷ್ಟ. ಹಾಗಾಗಿ ಗಾಡಿ ಹತೋಟಿಯಲ್ಲಿರುತ್ತದೆ. ಬ್ರೇಕನ್ನೇ ಒತ್ತುತ್ತಾ ಇಳಿದರೆ ಅದು ಕಾದು ಹಿಡಿತ ತಪ್ಪಬಹುದು. ಅದಕ್ಕೇ ಸುರಂಗದ ಪಶ್ಚಿಮದ ಇಳಿಜಾರಿನ ಪಕ್ಕದಲ್ಲಿ, ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು, ಜಲ್ಲಿ ತುಂಬಿದ ಏರುದಾರಿಗಳನ್ನು ಮಾಡಿಟ್ಟಿದ್ದಾರೆ.