ಗ್ರೀನ್ ಟೀ ಕುಡಿದರೆ ಕೊರೊನಾ ಬರುವುದಿಲ್ಲವೇ? ಪ್ರಯೋಗಾಲಯದ ಸತ್ಯ ವಾಟ್ಸಾಪ್‌ನಲ್ಲಿ ಅರ್ಧಸತ್ಯವಾದ ಬಗೆ

"ದಿನಕ್ಕೆ ಮೂರು ಕಪ್ ಗ್ರೀನ್ ಟೀ ಕುಡಿದರೆ ಕೊರೊನಾ ಹತ್ತಿರವೂ ಸುಳಿಯುವುದಿಲ್ಲ, ವಿಜ್ಞಾನಿಗಳೇ ಹೇಳಿದ್ದಾರೆ." ಈ ಧಾಟಿಯ ಸಂದೇಶ ನಿಮ್ಮ ಮನೆಯವರ ಗುಂಪಿಗೂ ಬಂದಿರಬಹುದು. ಇದನ್ನು ಹಸಿ ಸುಳ್ಳು ಎಂದು ತಳ್ಳಿಹಾಕಲು ಆಗುವುದಿಲ್ಲ, ಪೂರ್ತಿ ನಂಬಲೂ ಆಗುವುದಿಲ್ಲ. ಹಾಗಾದರೆ ಇದರಲ್ಲಿ ನಿಜ ಎಷ್ಟು? ನೋಡೋಣ.

ಚಹಾದ ಸಂದೇಶ ಶುರುವಾದದ್ದು ಯಾವಾಗ?

2020ರ ಮಾರ್ಚ್‌ನಲ್ಲೇ ಇಂಥದ್ದೊಂದು ಸಂದೇಶ ಜಗತ್ತು ಸುತ್ತಿತ್ತು. ವುಹಾನ್‌ನ ವೈದ್ಯ ಲಿ ವೆನ್‌ಲಿಯಾಂಗ್ ಚಹಾದಲ್ಲಿ ಕೊರೊನಾಗೆ ಮದ್ದು ಕಂಡುಹಿಡಿದಿದ್ದರು, ಸಿಎನ್‌ಎನ್ ಇದನ್ನು ವರದಿ ಮಾಡಿದೆ ಎಂದು ಅದು ಹೇಳುತ್ತಿತ್ತು. ಎರಡೂ ಸುಳ್ಳು. ಲಿ ಅವರು ಕಣ್ಣಿನ ವೈದ್ಯರು. ಹೊಸ ಸೋಂಕಿನ ಬಗ್ಗೆ ಸಹೋದ್ಯೋಗಿಗಳನ್ನು ಮೊದಲೇ ಎಚ್ಚರಿಸಿದ್ದರು, 2020ರ ಫೆಬ್ರವರಿಯಲ್ಲಿ ಅದೇ ಸೋಂಕಿನಿಂದ ತೀರಿಕೊಂಡರು. ಚಹಾದ ಮೇಲೆ ಅವರು ಸಂಶೋಧನೆ ಮಾಡಿರಲಿಲ್ಲ.

ವಿಜ್ಞಾನಿಗಳು ನಿಜವಾಗಿ ಕಂಡದ್ದೇನು?

ಗ್ರೀನ್ ಟೀಯಲ್ಲಿ ಕೆಟೆಚಿನ್ ಎಂಬ ರಾಸಾಯನಿಕಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಇಜಿಸಿಜಿ. ಕೊರೊನಾ ವೈರಸ್ ನಮ್ಮ ಜೀವಕೋಶದೊಳಗೆ ಹೊಕ್ಕ ಮೇಲೆ ಉದ್ದನೆಯ ಪ್ರೋಟೀನ್ ಸರಪಳಿಯನ್ನು ತಯಾರಿಸಿಕೊಳ್ಳುತ್ತದೆ. ಅದನ್ನು ತುಂಡರಿಸಿದರೆ ಮಾತ್ರ ಹೊಸ ವೈರಸ್‌ಗಳು ಹುಟ್ಟಲು ಸಾಧ್ಯ. ತುಂಡರಿಸುವ 'ಕತ್ತರಿ'ಯ ಹೆಸರು ಮುಖ್ಯ ಪ್ರೋಟಿಯೇಸ್. ಇಜಿಸಿಜಿ ಈ ಕತ್ತರಿಗೆ ಅಡ್ಡಿಯಾಗುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ವೈರಸ್‌ನ ಮುಳ್ಳುಗಳು ಜೀವಕೋಶಕ್ಕೆ ಅಂಟದಂತೆ ತಡೆದದ್ದನ್ನೂ ಕೆಲವು ಅಧ್ಯಯನಗಳು ವರದಿ ಮಾಡಿವೆ. ಇಲ್ಲಿಯವರೆಗೆ ಫಾರ್ವರ್ಡ್ ಹೇಳುವುದು ಸರಿಯೇ.

ಹಾಗಾದರೆ ತಪ್ಪಿದ್ದೆಲ್ಲಿ?

ಪ್ರಯೋಗಾಲಯದಲ್ಲಿ ಇಜಿಸಿಜಿಯನ್ನು ನೇರವಾಗಿ ವೈರಸ್‌ನ ಪ್ರೋಟೀನ್ ಮೇಲೆ ಅಥವಾ ಬೆಳೆಸಿದ ಜೀವಕೋಶಗಳ ಮೇಲೆ ಸುರಿಯುತ್ತಾರೆ. ನಾವು ಕುಡಿದ ಚಹಾ ಹೊಟ್ಟೆ, ಕರುಳು, ಯಕೃತ್ತು ದಾಟಿ ರಕ್ತಕ್ಕೆ ಸೇರಬೇಕು. ಈ ದಾರಿಯಲ್ಲೇ ಬಹುಪಾಲು ಇಜಿಸಿಜಿ ಕಳೆದುಹೋಗುತ್ತದೆ. ಹಲವು ಪ್ರಯೋಗಗಳಲ್ಲಿ ಪರಿಣಾಮ ಕಾಣಲು ಹತ್ತಾರು ಮೈಕ್ರೋಮೋಲಾರ್ ಸಾಂದ್ರತೆ ಬೇಕಾಗಿತ್ತು. ಚಹಾ ಕುಡಿದವರ ರಕ್ತದಲ್ಲಿ ಅದು ಸಾಮಾನ್ಯವಾಗಿ 1 ಮೈಕ್ರೋಮೋಲಾರ್ ಕೂಡ ಮುಟ್ಟುವುದಿಲ್ಲ. ಅಲ್ಲದೆ ಇಜಿಸಿಜಿ ಸಿಕ್ಕ ಸಿಕ್ಕ ಪ್ರೋಟೀನ್‌ಗಳಿಗೆಲ್ಲ ಅಂಟಿಕೊಳ್ಳುವ ಸ್ವಭಾವದ್ದು. ಹಾಗಾಗಿ ಪರೀಕ್ಷಾ ನಳಿಕೆಯಲ್ಲಿ ಅದು ತೋರಿಸುವ ಗುಣವನ್ನೆಲ್ಲ ಔಷಧದ ಗುಣ ಎಂದುಕೊಳ್ಳುವಂತಿಲ್ಲ.

ಇದೇ ಕತ್ತರಿಯನ್ನು ತಡೆಯುವ ನಿಜವಾದ ಔಷಧವೂ ಇದೆ, ನಿರ್ಮಾಟ್ರೆಲ್ವಿರ್. ಜನರ ಮೇಲಿನ ಪ್ರಯೋಗದಲ್ಲಿ ಗೆದ್ದ ಮೇಲೆ, 2021ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅದರ ತುರ್ತು ಬಳಕೆಗೆ ಅನುಮತಿ ಸಿಕ್ಕಿತು. ಯಕೃತ್ತು ಅದನ್ನು ಬೇಗ ಕರಗಿಸಿಬಿಡದಿರಲಿ ಎಂದು ಜೊತೆಗೆ ರಿಟೋನಾವಿರ್ ಎಂಬ ಇನ್ನೊಂದು ಮಾತ್ರೆ ಕೊಡಲೇಬೇಕು. ಔಷಧವಾಗಿಯೇ ರೂಪಿಸಿದ ಅಣುವಿಗೇ ರಕ್ತದಲ್ಲಿ ಉಳಿಯಲು ಇಷ್ಟು ಕಷ್ಟ!

ಪ್ರಯೋಗಾಲಯದಲ್ಲಿ ಗೆದ್ದದ್ದು ದೇಹದಲ್ಲಿ ಸೋತ ಉದಾಹರಣೆ ಇದೆಯೇ?

ಇದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡ ಜೀವಕೋಶಗಳಲ್ಲಿ ವೈರಸ್ಸನ್ನು ತಡೆದಿತ್ತು. ಬ್ರಿಟನ್ನಿನ 'ರಿಕವರಿ' ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ರೋಗಿಗಳಿಗೆ ಕೊಟ್ಟು ನೋಡಿದಾಗ, 28 ದಿನಗಳಲ್ಲಿ ಮಾತ್ರೆ ಪಡೆದವರಲ್ಲಿ ಶೇ. 27ರಷ್ಟು, ಪಡೆಯದವರಲ್ಲಿ ಶೇ. 25ರಷ್ಟು ಮಂದಿ ಮೃತಪಟ್ಟಿದ್ದರು. ಅಂದರೆ ಮಾತ್ರೆಯಿಂದ ಪ್ರಯೋಜನವಾಗಲಿಲ್ಲ. ಚಹಾದ ವಿಷಯದಲ್ಲೂ ಜಪಾನಿನ ಶಿಜುವೊಕಾದಲ್ಲಿ 2011-12ರ ಚಳಿಗಾಲದಲ್ಲಿ ಒಂದು ಪ್ರಯೋಗ ನಡೆದಿತ್ತು. ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಕೆಲವರು ಗ್ರೀನ್ ಟೀಯಿಂದ, ಕೆಲವರು ಬರೀ ನೀರಿನಿಂದ ಬಾಯಿ ಮುಕ್ಕಳಿಸಿದರು. ಫ್ಲೂ ತಡೆಯುವುದರಲ್ಲಿ ಎರಡಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಚಹಾದ ಸಾರ ಎಂದೂ ಔಷಧವಾಗಿಲ್ಲ ಎಂದಲ್ಲ. ವೈರಸ್‌ನಿಂದ ಜನನಾಂಗದ ಬಳಿ ಏಳುವ ನರುಳ್ಳೆಗಳಿಗೆ ಗ್ರೀನ್ ಟೀ ಸಾರದ ಮುಲಾಮನ್ನು ಅಮೆರಿಕ 2006ರಲ್ಲಿ ಒಪ್ಪಿಕೊಂಡಿತು. ಆದರೆ ಅದು ಚರ್ಮದ ಮೇಲೆ ನೇರವಾಗಿ ಹಚ್ಚುವ ಮದ್ದು. ಅಲ್ಲಿ ರಕ್ತ ಸೇರುವ ತೊಡಕೇ ಇಲ್ಲ.

ಹೆಚ್ಚು ತೆಗೆದುಕೊಂಡರೆ ಕೆಲಸ ಮಾಡೀತೇ?

ಅಪಾಯ ಇರುವುದೇ ಇಲ್ಲಿ. ಗ್ರೀನ್ ಟೀ ಸಾರದ ಕ್ಯಾಪ್ಸೂಲ್‌ಗಳು ಸುಲಭವಾಗಿ ಸಿಗುತ್ತವೆ. ಇಂಥ ಪೂರಕಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವಿಸಿದರೆ ಯಕೃತ್ತಿಗೆ ಪೆಟ್ಟು ಬೀಳುವ ಸೂಚನೆಗಳು ಕಾಣುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ, ರಕ್ತಹೀನತೆ ಇರುವವರು ಇದನ್ನು ಗಮನಿಸಬೇಕು. ರಕ್ತದೊತ್ತಡದ ನಾಡೊಲಾಲ್ ಮಾತ್ರೆಯ ಪರಿಣಾಮವನ್ನೂ ಗ್ರೀನ್ ಟೀ ತಗ್ಗಿಸಬಲ್ಲದು.

ಹಾಗಾದರೆ ಏನು ಮಾಡಬೇಕು?

ರುಚಿ ಹಿಡಿಸಿದರೆ ದಿನಕ್ಕೆ ಒಂದೆರಡು ಕಪ್ ಧಾರಾಳವಾಗಿ ಕುಡಿಯಿರಿ. ಆದರೆ ಅದನ್ನು ಲಸಿಕೆಗೆ, ಮಾಸ್ಕ್‌ಗೆ ಅಥವಾ ವೈದ್ಯರಿಗೆ ಬದಲಿ ಎಂದುಕೊಳ್ಳಬೇಡಿ. ಮನೆಯ ಹಿರಿಯರಿಗೆ ಉಸಿರಾಟ ಕಷ್ಟವಾದರೆ ಒಲೆಯ ಮೇಲೆ ನೀರಿಡುತ್ತ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದೆ "ಇದು ವೈರಸ್ಸನ್ನು ಕೊಲ್ಲುತ್ತದೆ" ಎಂಬ ಫಾರ್ವರ್ಡ್ ಬಂದಾಗ ಒಂದೇ ಪ್ರಶ್ನೆ ಕೇಳಿ: ಕೊಂದದ್ದು ಗಾಜಿನ ತಟ್ಟೆಯಲ್ಲೋ, ಮನುಷ್ಯರ ಮೈಯಲ್ಲೋ? ಉತ್ತರ ಸಿಗುವವರೆಗೆ ಆ ಸಂದೇಶ ನಿಮ್ಮ ಫೋನಿನಲ್ಲೇ ಇರಲಿ.