ಗೋಮಾಳಕ್ಕೆ ಎಕರೆಯ ಲೆಕ್ಕವಷ್ಟೇ ಸಾಕೆ?

ಅರಸೀಕೆರೆ ಎಂದೊಡನೆ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ವಿಚಾರ. ಆ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಬಳಿಕ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಕಡತಗಳು ಊರಿಂದೂರಿಗೆ ಅಲೆದವು. ಆದರೆ ಅಲ್ಲಿನ ಕುರಿ–ದನಗಳು ಮೇಯುವ ಹುಲ್ಲಿನ ಹೆಸರನ್ನು ನಾನು ಕಂದಾಯದ ಯಾವ ಕಡತದಲ್ಲಿಯೂ ಕಂಡವನಲ್ಲ.

ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದಂತೆ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳವಿರಬೇಕು. ಸೇವೆಯಲ್ಲಿದ್ದಾಗ ನಾನೂ ಈ ಭಾಗಾಕಾರ ಮಾಡಿ, ಉಳಿದದ್ದನ್ನು ‘ಹೆಚ್ಚುವರಿ’ ಎಂದು ಟಿಪ್ಪಣಿ ಬರೆದಿದ್ದೇನೆ. ಆ 30 ಎಕರೆಯಲ್ಲಿ ಮೇವಿದೆಯೇ, ಮುಳ್ಳಿದೆಯೇ ಎಂದು ಕೇಳಲಿಲ್ಲ. ಹೆಚ್ಚುವರಿ ಎಂದು ಬರೆದ ಭೂಮಿ ಒಮ್ಮೆ ಮಂಜೂರಾದರೆ ಕುರಿಗಾಹಿಗೆ ಮರಳಿ ದೊರೆಯುವುದು ದುರ್ಲಭ.

ಜೀವವೈವಿಧ್ಯವನ್ನು ಅಳೆಯುವ ಉಪಾಯಗಳಿವೆ. 1949ರಲ್ಲಿ ಎಡ್ವರ್ಡ್ ಸಿಂಪ್ಸನ್ ಸೂಚಿಸಿದ ಅಳತೆಯಲ್ಲಿ ಪ್ರತಿಯೊಂದು ಪ್ರಭೇದದ ಪಾಲನ್ನು ವರ್ಗಗೊಳಿಸಿ ಕೂಡಿಸುತ್ತಾರೆ. ಮಾರುಕಟ್ಟೆಯಲ್ಲಿ ಏಕಸ್ವಾಮ್ಯವನ್ನು ಗುರುತಿಸಲು ಅರ್ಥಶಾಸ್ತ್ರಜ್ಞರು ಬಳಸುವ ಹರ್ಫಿಂಡಾಲ್ ಸೂಚ್ಯಂಕವೂ ಇದೇ ಲೆಕ್ಕ. ಹತ್ತು ಬಗೆಯ ಸಸ್ಯಗಳು ಸಮಪಾಲಿನಲ್ಲಿದ್ದರೆ ಮೊತ್ತ 0.10, ಒಂದೇ ಸಸ್ಯ ಶೇ. 91ರಷ್ಟು ಆವರಿಸಿ ಉಳಿದ ಒಂಬತ್ತಕ್ಕೆ ತಲಾ ಶೇ. 1 ದಕ್ಕಿದರೆ ಸುಮಾರು 0.83. ಬರಗಾಲದಲ್ಲಿ ಒಂದೇ ಸಸ್ಯವನ್ನು ನಂಬಿದ ಗೋಮಾಳ, ಒಂದೇ ಬೆಳೆಯನ್ನು ನಂಬಿದ ರೈತನಂತೆಯೇ ಸರಿ.

ಆದರೂ ಎಣಿಕೆಯೊಂದೇ ಸಾಲದು. ಅತಿಯಾಗಿ ಮೇಯಿಸಿದ ನೆಲದಲ್ಲಿ ಕಳೆಗಳು ಸೇರಿ ಪ್ರಭೇದಗಳ ಸಂಖ್ಯೆ ಹೆಚ್ಚಿದಂತೆ ತೋರಬಹುದು. ಅಮೆರಿಕದ ಡಿಕ್‌ಸ್ಟರ್‌ಹೌಸ್ 1949ರಲ್ಲಿಯೇ ಹುಲ್ಲುಗಾವಲಿನ ಸಸ್ಯಗಳನ್ನು ಮೇಯಿಸಿದಂತೆ ಕುಗ್ಗುವವು, ಹಿಗ್ಗುವವು, ಹೊರಗಿನಿಂದ ನುಗ್ಗುವವು ಎಂದು ಮೂರಾಗಿ ವಿಂಗಡಿಸಿದ್ದರು. ನಮ್ಮ ಬಯಲುಸೀಮೆಯಲ್ಲಿ ಸೆಹಿಮಾದಂಥ ಬಹುವಾರ್ಷಿಕ ಹುಲ್ಲು ಕುಗ್ಗುತ್ತದೆ, ಅರಿಸ್ಟಿಡಾದಂಥ ಒರಟು ಹುಲ್ಲು ಹಿಗ್ಗುತ್ತದೆ. ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿಗಳು ನುಗ್ಗುತ್ತವೆ. ಹಸಿರು ಮಾತ್ರ ಇದ್ದೇ ಇರುತ್ತದೆ.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿ ಅದರ ಹೊಣೆ. ಗೋಮಾಳದ ಒಂದು ಮೂಲೆಗೆ ಬೇಲಿ ಹಾಕಿ, ಮಳೆಗಾಲ ಮುಗಿದೊಡನೆ ಬೇಲಿಯ ಒಳಗೂ ಹೊರಗೂ ಒಂದೊಂದು ಚದರ ಮೀಟರಿನ ಹಲವು ಚೌಕಗಳನ್ನು ಗುರುತಿಸಿ ಎಣಿಸಲಿ. ಮಳೆ ವರ್ಷದಿಂದ ವರ್ಷಕ್ಕೆ ಏರುಪೇರಾಗುವುದರಿಂದ ಒಂದು ವರ್ಷದ ಲೆಕ್ಕವನ್ನು ನಂಬದೆ ಇದನ್ನು ಪ್ರತಿವರ್ಷ ಮಾಡಬೇಕು. ಪ್ರಭೇದಗಳನ್ನು ಗುರುತಿಸಲು ಕಾಲೇಜಿನ ಸಸ್ಯಶಾಸ್ತ್ರ ಅಧ್ಯಾಪಕರ ಜೊತೆಗೆ, ಯಾವುದನ್ನು ಕುರಿ ಮೊದಲು ಬಾಯಿಗಿಡುತ್ತದೆಂದು ಬಲ್ಲ ಕುರುಬರ ಹಿರಿಯರೂ ಇರಲಿ.

2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಭಾಷಣಗಳಿಗೆ ಕೊರತೆಯಾಗದು. ಗೋಮಾಳವನ್ನು ‘ಹೆಚ್ಚುವರಿ’ ಎನ್ನುವ ಪ್ರತಿಯೊಂದು ಪ್ರಸ್ತಾವದ ಜೊತೆಗೆ ಅಲ್ಲಿನ ಹುಲ್ಲಿನ ಪಟ್ಟಿಯನ್ನೂ ಲಗತ್ತಿಸಬೇಕೆಂಬ ಒಂದು ಸುತ್ತೋಲೆ ಹೊರಟರೆ, ನಾನು ಬರೆಯದೆ ಬಿಟ್ಟ ಪುಟವನ್ನು ನನ್ನ ನಂತರದವರಾದರೂ ಬರೆದಾರು.